ವಿದ್ಯುನ್ಮಾನ ಉತ್ಪನ್ನಗಳ ಸುರಕ್ಷತೆ, ಪರೀಕ್ಷೆ ಮತ್ತು ಅಸಲಿತನದ ಮಾನಕಗಳು: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು

ವಿದ್ಯುನ್ಮಾನ ಉತ್ಪನ್ನಗಳ ಸುರಕ್ಷತೆ, ಪರೀಕ್ಷೆ ಮತ್ತು ಅಸಲಿತನದ ಮಾನಕಗಳು ಎಂದರೆ ಮೊಬೈಲ್, ಚಾರ್ಜರ್, ಬ್ಯಾಟರಿ, ಟಿ.ವಿ., ಎಲ್‌ಇಡಿ ದೀಪ, ಇನ್ವರ್ಟರ್ ಮೊದಲಾದ ಸರಕು ಬಳಸುವವರಿಗೆ ಅಪಾಯ ಮಾಡಬಾರದು, ಹೇಳಿಕೊಂಡ ಗುಣ ಹೊಂದಿರಬೇಕು ಮತ್ತು ಹೆಸರಿಸಿದ ತಯಾರಕನದೇ ಆಗಿರಬೇಕು ಎಂದು ಗೊತ್ತುಪಡಿಸುವ ತಾಂತ್ರಿಕ ನಿಯಮಗಳು, ಅವನ್ನು ಒರೆಹಚ್ಚುವ ಪ್ರಯೋಗಾಲಯ ಕ್ರಮಗಳು ಹಾಗೂ ಅವಕ್ಕೆ ಬಲ ಕೊಡುವ ಕಾನೂನುಗಳ ಒಟ್ಟು ವ್ಯವಸ್ಥೆ. ಭಾರತದಲ್ಲಿ ಈ ಕೆಲಸ ಒಂದೇ ಸಂಸ್ಥೆಯ ಕೈಯಲ್ಲಿಲ್ಲ. ಸುರಕ್ಷತೆಗೆ ಒಂದು ಗುರುತು, ವಿದ್ಯುತ್ ಮಿತವ್ಯಯಕ್ಕೆ ಇನ್ನೊಂದು, ಮೊಬೈಲಿನ ಗುರುತಿಗೆ ಮತ್ತೊಂದು ಸಂಖ್ಯೆ ಇದೆ. ಇವುಗಳಲ್ಲಿ ಯಾವುದೂ ಇನ್ನೊಂದರ ಬದಲಿಗೆ ಸಲ್ಲುವುದಿಲ್ಲ. ಈ ಲೇಖನವು ದೇಶದ ವ್ಯವಸ್ಥೆಯನ್ನೂ, ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಅದರ ಅನ್ವಯವನ್ನೂ ವಿವರಿಸುತ್ತದೆ.

ಪ್ರದೇಶ

ಈ ಐದೂ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲಾ ಕೇಂದ್ರ ಹೊಸಪೇಟೆ. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ಹರಪನಹಳ್ಳಿ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದ್ದು, 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ಹೊಸ ಜಿಲ್ಲೆಗೆ ಸೇರಿತು. ವಿದ್ಯುತ್ ವಿತರಣೆಯ ಹೆಚ್ಚಿನಂಶ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಜೆಸ್ಕಾಂ ವ್ಯಾಪ್ತಿಯಲ್ಲಿದೆ.

ಹೂವಿನಹಡಗಲಿ, ಹರಪನಹಳ್ಳಿ ಮತ್ತು ಹಗರಿಬೊಮ್ಮನಹಳ್ಳಿಗಳ ಒಂದಷ್ಟು ಭಾಗಕ್ಕೆ ತುಂಗಭದ್ರೆಯ ಆಸರೆ ಇದೆ. ಕೂಡ್ಲಿಗಿ ಮತ್ತು ಕೊಟ್ಟೂರು ಬಹುಪಾಲು ಮಳೆಯಾಶ್ರಿತ ಬಯಲುಸೀಮೆ. ಕೊಳವೆಬಾವಿ ಪಂಪ್‌ಸೆಟ್, ಅದರ ಸ್ಟಾರ್ಟರ್, ಸೌರ ಬೇಲಿ ಮತ್ತು ಇನ್ವರ್ಟರ್‌ಗಳು ಇಲ್ಲಿ ಮನೆಬಳಕೆಯ ಉಪಕರಣಗಳಷ್ಟೇ ಸಾಮಾನ್ಯ. ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್‌ ಸಮೀಪಿಸುತ್ತದೆ. ಬಿಸಿಲು, ದೂಳು, ಒಣ ಮಣ್ಣು ಮತ್ತು ವೋಲ್ಟೇಜಿನ ಏರಿಳಿತ ಉಪಕರಣಗಳ ಬಾಳಿಕೆ ಮತ್ತು ಸುರಕ್ಷತೆಯ ಮೇಲೆ ನೇರ ಪರಿಣಾಮ ಬೀರುತ್ತವೆ.

ಪರಿಭಾಷೆ

ಮಾನಕ: ಉತ್ಪನ್ನ ಹೊಂದಿರಬೇಕಾದ ಗುಣ ಮತ್ತು ಅದನ್ನು ಅಳೆಯುವ ವಿಧಾನವನ್ನು ಹೇಳುವ ದಾಖಲೆ. ಭಾರತೀಯ ಮಾನಕಗಳ ಸಂಖ್ಯೆ ‘ಐಎಸ್’ ಅಕ್ಷರಗಳಿಂದ ಆರಂಭವಾಗುತ್ತದೆ.

ಪರವಾನಗಿ: ಕಾರ್ಖಾನೆಯ ತಪಾಸಣೆ ಮತ್ತು ಮಾದರಿಯ ಪರೀಕ್ಷೆ ಎರಡೂ ನಡೆದ ಮೇಲೆ ಮಾನಕ ಗುರುತು ಬಳಸಲು ಕೊಡುವ ಅನುಮತಿ.

ನೋಂದಣಿ: ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಯ ಆಧಾರದಲ್ಲಿ, ಉತ್ಪನ್ನ ಮಾನಕಕ್ಕೆ ಅನುಗುಣವಾಗಿದೆ ಎಂದು ತಯಾರಕನೇ ಘೋಷಿಸಿಕೊಂಡು ಪಡೆಯುವ ಅನುಮತಿ.

ಮಾನ್ಯತೆ: ಪ್ರಯೋಗಾಲಯದ ಸಾಮರ್ಥ್ಯಕ್ಕೆ ಸಿಗುವ ಅಂಗೀಕಾರ. ಇದು ಉತ್ಪನ್ನಕ್ಕೆ ಅನ್ವಯಿಸುವುದಿಲ್ಲ.

ನಕಲಿ: ಒಬ್ಬ ತಯಾರಕನ ವ್ಯಾಪಾರಚಿಹ್ನೆಯನ್ನು ಮತ್ತೊಬ್ಬ ಅನುಮತಿಯಿಲ್ಲದೆ ಬಳಸಿ ಮಾಡಿದ ಸರಕು. ಕಡಿಮೆ ಬೆಲೆಯ, ಹೆಸರಿಲ್ಲದ ಸರಕು ಎಲ್ಲವೂ ನಕಲಿಯಲ್ಲ. ದುರಸ್ತಿ ಮಾಡಿ ಮತ್ತೆ ಮಾರುವ ಸರಕನ್ನು ಹಾಗೆಂದು ತಿಳಿಸಿ ಮಾರಿದರೆ ಅದೂ ನಕಲಿಯಲ್ಲ.

ಉಗಮ ಮತ್ತು ಬೆಳವಣಿಗೆ

ವಿದ್ಯುತ್ ಸಲಕರಣೆಗಳ ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ 1906ರಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ ಭಾರತೀಯ ಮಾನಕ ಸಂಸ್ಥೆ, ಅಂದರೆ ಐಎಸ್‌ಐ, 1947ರ ಜನವರಿಯಲ್ಲಿ ಆರಂಭವಾಯಿತು. 1952ರ ಪ್ರಮಾಣೀಕರಣ ಗುರುತುಗಳ ಕಾಯ್ದೆ ಐಎಸ್‌ಐ ಗುರುತಿಗೆ ಕಾನೂನಿನ ಆಧಾರ ಒದಗಿಸಿತು. 1986ರ ಕಾಯ್ದೆಯ ಪ್ರಕಾರ 1987ರ ಏಪ್ರಿಲ್ 1ರಿಂದ ಸಂಸ್ಥೆಯ ಹೆಸರು ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್, ಎಂದಾಯಿತು. ಗುರುತಿನ ಹೆಸರು ಮಾತ್ರ ಐಎಸ್‌ಐ ಎಂದೇ ಉಳಿಯಿತು. ಈಗ ಜಾರಿಯಲ್ಲಿರುವುದು 2016ರ ಬಿಐಎಸ್ ಕಾಯ್ದೆ. ಅದು 2017ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಆರಂಭದಲ್ಲಿ ಕಡ್ಡಾಯ ಪ್ರಮಾಣೀಕರಣ ತಂತಿ, ಸ್ವಿಚ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಸಾಧನ ಮೊದಲಾದ ವಿದ್ಯುತ್ ಸಾಮಗ್ರಿಗೆ ಸೀಮಿತವಾಗಿತ್ತು. ವಿದ್ಯುನ್ಮಾನ ಸರಕಿಗೆ ಪ್ರತ್ಯೇಕ ಕಡ್ಡಾಯ ನೋಂದಣಿ ಆದೇಶ ಹೊರಟದ್ದು 2012ರಲ್ಲಿ. ಲ್ಯಾಪ್‌ಟಾಪ್, ದೊಡ್ಡ ಪರದೆಯ ಟಿ.ವಿ., ಮೈಕ್ರೊವೇವ್ ಒಲೆ, ಪ್ರಿಂಟರ್, ಸೆಟ್‌ಟಾಪ್ ಬಾಕ್ಸ್ ಸೇರಿ 15 ಬಗೆಯ ಸರಕಿಗೆ ಅದು 2013ರ ಜುಲೈ 3ರಿಂದ ಅನ್ವಯವಾಯಿತು. 2014ರ ನವೆಂಬರಿನಲ್ಲಿ ಮೊಬೈಲ್, ಪವರ್ ಬ್ಯಾಂಕ್, ಅಡಾಪ್ಟರ್, ಎಲ್‌ಇಡಿ ದೀಪ, 5 ಕೆವಿಎವರೆಗಿನ ಯುಪಿಎಸ್ ಮತ್ತು ಇನ್ವರ್ಟರ್ ಮೊದಲಾದ ಇನ್ನೂ 15 ಬಗೆ ಸೇರಿದವು. 2012ರ ಆದೇಶದ ಜಾಗಕ್ಕೆ 2021ರ ಆದೇಶ ಬಂದಿದೆ. ಈಗ ಪಟ್ಟಿಯಲ್ಲಿ 60ಕ್ಕೂ ಹೆಚ್ಚು ಬಗೆಗಳಿವೆ.

ಸಂಸ್ಥೆಗಳು ಮತ್ತು ಪ್ರಯೋಗಾಲಯಗಳು

ಮಾನಕಗಳನ್ನು ರೂಪಿಸಿ ಪರವಾನಗಿ ಮತ್ತು ನೋಂದಣಿ ಕೊಡುವುದು ಬಿಐಎಸ್. ವಿದ್ಯುನ್ಮಾನ ಸರಕಿನ ಕಡ್ಡಾಯ ನೋಂದಣಿ ಆದೇಶ ಹೊರಡಿಸುವುದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ. ಅದೇ ಸಚಿವಾಲಯದ ಎಸ್‌ಟಿಕ್ಯೂಸಿ ನಿರ್ದೇಶನಾಲಯ ದೇಶದ ಹಲವೆಡೆ ಪರೀಕ್ಷಾ ಕೇಂದ್ರಗಳನ್ನು ನಡೆಸುತ್ತದೆ. ಪ್ರಯೋಗಾಲಯಗಳಿಗೆ ಐಎಸ್‌ಒ/ಐಇಸಿ 17025 ಮಾನಕದ ಪ್ರಕಾರ ಮಾನ್ಯತೆ ನೀಡುವುದು ಎನ್‌ಎಬಿಎಲ್.

ಕರ್ನಾಟಕದಲ್ಲಿ ಈ ವ್ಯವಸ್ಥೆ ಬಹುಪಾಲು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿದೆ. ಬಿಐಎಸ್ ಶಾಖಾ ಕಚೇರಿ ಮತ್ತು ಎಸ್‌ಟಿಕ್ಯೂಸಿಯ ವಿದ್ಯುನ್ಮಾನ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರ ಎರಡೂ ಪೀಣ್ಯದಲ್ಲಿವೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐ, ಪರಿವರ್ತಕ, ಮೀಟರ್, ಕೇಬಲ್ ಮತ್ತು ಸ್ವಿಚ್‌ಗೇರ್‌ಗಳನ್ನು ಪರೀಕ್ಷಿಸುತ್ತದೆ. ಯುಎಲ್, ಟಿಯುವಿ ರೈನ್‌ಲ್ಯಾಂಡ್ ಮೊದಲಾದ ಖಾಸಗಿ ಪ್ರಯೋಗಾಲಯಗಳೂ ನಗರದಲ್ಲಿವೆ. ವಿಜಯನಗರ ಜಿಲ್ಲೆಯ ಗ್ರಾಹಕರು ಕೊಳ್ಳುವ ಸರಕಿನ ಪರೀಕ್ಷೆ ಅದು ಮಾರುಕಟ್ಟೆಗೆ ಬರುವ ಮೊದಲೇ ಇಂಥ ಕೇಂದ್ರಗಳಲ್ಲಿ ನಡೆದಿರುತ್ತದೆ. ಕೊಂಡ ಬಳಿಕ ತಾಲ್ಲೂಕು ಮಟ್ಟದಲ್ಲಿ ಸಾಧ್ಯವಿರುವುದು ಗುರುತು ಮತ್ತು ದಾಖಲೆಗಳ ಪರಿಶೀಲನೆ.

ಗುರುತುಗಳ ವಿಧಗಳು

ಐಎಸ್‌ಐ ಗುರುತು: ಇದು ಪರವಾನಗಿ ಪದ್ಧತಿ. ಗುರುತಿನ ಮೇಲ್ಭಾಗದಲ್ಲಿ ಐಎಸ್ ಸಂಖ್ಯೆ, ಕೆಳಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಪಿವಿಸಿ ತಂತಿಗೆ ಐಎಸ್ 694, ಪ್ಲಗ್ ಮತ್ತು ಸಾಕೆಟ್‌ಗೆ ಐಎಸ್ 1293, ಸ್ವಿಚ್‌ಗೆ ಐಎಸ್ 3854 ಅನ್ವಯಿಸುತ್ತವೆ.

ನೋಂದಣಿ ಗುರುತು: ವಿದ್ಯುನ್ಮಾನ ಸರಕಿನ ಮೇಲೆ ಐಎಸ್ ಸಂಖ್ಯೆಯ ಜೊತೆಗೆ ‘ಆರ್’ ಅಕ್ಷರ ಮತ್ತು ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ನೋಂದಣಿ ಕಾರ್ಖಾನೆಗೆ ಮತ್ತು ಬ್ರ್ಯಾಂಡಿಗೆ ಪ್ರತ್ಯೇಕ. ಒಂದೇ ಬ್ರ್ಯಾಂಡಿನ ಸರಕು ಎರಡು ಕಾರ್ಖಾನೆಗಳಲ್ಲಿ ತಯಾರಾದರೆ ಎರಡು ಸಂಖ್ಯೆಗಳಿರುತ್ತವೆ. ವಿದೇಶಿ ತಯಾರಕರು ಭಾರತದಲ್ಲಿ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು. ಮಾಹಿತಿ ತಂತ್ರಜ್ಞಾನ ಸಲಕರಣೆಗಳಿಗೆ ಐಎಸ್ 13252 ಭಾಗ 1, ಧ್ವನಿ ಮತ್ತು ದೃಶ್ಯ ಸಲಕರಣೆಗಳಿಗೆ ಐಎಸ್ 616, ಪುನರ್ಭರ್ತಿ ಬ್ಯಾಟರಿಗಳಿಗೆ ಐಎಸ್ 16046, ಎಲ್‌ಇಡಿ ಬಲ್ಬಿಗೆ ಐಎಸ್ 16102 ಭಾಗ 1, ಯುಪಿಎಸ್‌ಗೆ ಐಎಸ್ 16242 ಭಾಗ 1 ಅನ್ವಯವಾಗುತ್ತ ಬಂದಿವೆ. ಮೊದಲ ಎರಡರ ಜಾಗಕ್ಕೆ ಬಂದಿರುವ ಏಕೀಕೃತ ಮಾನಕ ಐಎಸ್/ಐಇಸಿ 62368 ಭಾಗ 1.

ಭಾಷಾ ಬೆಂಬಲ: ಐಎಸ್ 16333 ಭಾಗ 3 ಸುರಕ್ಷತೆಗೆ ಸಂಬಂಧಿಸಿದ್ದಲ್ಲ. ಪ್ರತಿ ಮೊಬೈಲಿನಲ್ಲಿ ಕನ್ನಡ ಸೇರಿ 22 ಭಾರತೀಯ ಭಾಷೆಗಳ ಸಂದೇಶ ಓದಲು ಬರಬೇಕು. ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು ಎಂದು ಅದು ವಿಧಿಸುತ್ತದೆ.

ನಕ್ಷತ್ರ ಪಟ್ಟಿ: ಇದು 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ಯೋಜನೆ. ನಕ್ಷತ್ರಗಳು ವಿದ್ಯುತ್ ಮಿತವ್ಯಯವನ್ನು ಮಾತ್ರ ಸೂಚಿಸುತ್ತವೆ. ಸೀಲಿಂಗ್ ಫ್ಯಾನ್‌ಗಳಿಗೆ ಇದು 2023ರ ಜನವರಿ 1ರಿಂದ ಕಡ್ಡಾಯ.

ದೂರಸಂಪರ್ಕ ಅನುಮೋದನೆ: ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರ ಮೋಡೆಮ್ ಮೊದಲಾದ ಜಾಲ ಸಲಕರಣೆಗಳ ಕಡ್ಡಾಯ ಪರೀಕ್ಷಾ ಯೋಜನೆಯನ್ನು 2019ರಿಂದ ಹಂತಹಂತವಾಗಿ ಜಾರಿಗೊಳಿಸಿದೆ. ರೇಡಿಯೊ ತರಂಗ ಬಳಸುವ ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕು. ಮೊಬೈಲಿನಿಂದ ದೇಹ ಹೀರುವ ವಿಕಿರಣ ಶಕ್ತಿಯ ಮಿತಿ, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ, ಕಿಲೊಗ್ರಾಮಿಗೆ 1.6 ವಾಟ್.

ವಿದೇಶಿ ಗುರುತುಗಳು: ಸಿಇ ಐರೋಪ್ಯ ಒಕ್ಕೂಟದ್ದು, ಎಫ್‌ಸಿಸಿ ಅಮೆರಿಕದ್ದು, ಸಿಸಿಸಿ ಚೀನಾದ್ದು. ಇವು ಭಾರತದ ನೋಂದಣಿಗೆ ಬದಲಿಯಲ್ಲ. ಸಿಇ ಬಹುತೇಕ ಸರಕಿನಲ್ಲಿ ತಯಾರಕನ ಸ್ವಯಂಘೋಷಣೆ.

ಪರೀಕ್ಷೆಗಳು

ಸುರಕ್ಷತಾ ಪರೀಕ್ಷೆಗಳು ಮುಖ್ಯವಾಗಿ ವಿದ್ಯುದಾಘಾತ, ಬೆಂಕಿ, ಅತಿಬಿಸಿ ಮತ್ತು ಯಾಂತ್ರಿಕ ಗಾಯ ಎಂಬ ನಾಲ್ಕು ಅಪಾಯಗಳನ್ನು ಗುರಿಯಾಗಿಸುತ್ತವೆ.

ನಿರೋಧಕ ಬಲ: 230 ವೋಲ್ಟ್ ಮಾರ್ಗಕ್ಕೆ ಜೋಡಿಸುವ ಅಡಾಪ್ಟರಿನ ಒಳಬದಿಗೂ ಬಳಕೆದಾರ ಮುಟ್ಟುವ ಹೊರಬದಿಗೂ ನಡುವೆ ಬಲವರ್ಧಿತ ನಿರೋಧಕ ಇರಬೇಕು. ಐಎಸ್ 13252ರ ಪ್ರಕಾರ ಅದಕ್ಕೆ ಸಾಮಾನ್ಯವಾಗಿ 3,000 ವೋಲ್ಟ್‌ಗಳನ್ನು ಒಂದು ನಿಮಿಷ ಕೊಟ್ಟು ನೋಡಲಾಗುತ್ತದೆ. ಎರಡು ಬದಿಗಳ ವಾಹಕಗಳ ನಡುವಿನ ಅಂತರವನ್ನೂ ಅಳೆಯುತ್ತಾರೆ. ಕಳಪೆ ಚಾರ್ಜರಿನಲ್ಲಿ ಈ ಅಂತರ ಕಡಿಮೆ ಇದ್ದರೆ ಮಾರ್ಗದ ವಿದ್ಯುತ್ ನೇರವಾಗಿ ಮೊಬೈಲಿನ ಲೋಹಭಾಗಕ್ಕೆ ಹಾಯುವ ಸಂಭವವಿರುತ್ತದೆ.

ಸ್ಪರ್ಶ ವಿದ್ಯುತ್: ಹೊರಮೈ ಮುಟ್ಟಿದಾಗ ದೇಹದ ಮೂಲಕ ಹರಿಯಬಹುದಾದ ವಿದ್ಯುತ್ತಿನ ಅಳತೆ. ಭೂಸಂಪರ್ಕವಿಲ್ಲದ, ಎರಡು ಪದರ ನಿರೋಧಕದ ಉಪಕರಣಗಳಿಗೆ ಐಎಸ್ 13252 ಹಾಕಿರುವ ಮಿತಿ 0.25 ಮಿಲಿಆಂಪಿಯರ್.

ತಾಪ ಮತ್ತು ಬೆಂಕಿ: ತಯಾರಕ ನಮೂದಿಸಿದ ಗರಿಷ್ಠ ಪರಿಸರ ತಾಪಮಾನವನ್ನು ಲೆಕ್ಕಕ್ಕೆ ಹಿಡಿದು, ಪೂರ್ಣ ಹೊರೆಯಲ್ಲಿ ಭಾಗಗಳ ಬಿಸಿಯನ್ನು ಅಳೆಯುತ್ತಾರೆ. ಬಿಡಿಭಾಗವೊಂದು ಕೆಟ್ಟಂತೆ ಮಾಡಿ, ಆಗಲೂ ಬೆಂಕಿ ಹೊರಬೀಳದೆಂದು ಖಾತ್ರಿಪಡಿಸಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಭಾಗಗಳನ್ನು ಉಪಕರಣಕ್ಕೆ ತಕ್ಕಂತೆ ಕಾದ ತಂತಿ ಅಥವಾ ಜ್ವಾಲೆ ಒಡ್ಡಿ ಪರೀಕ್ಷಿಸುತ್ತಾರೆ.

ಬ್ಯಾಟರಿ: ಲಿಥಿಯಂ ಸೆಲ್‌ಗಳಿಗೆ ಹೊರಗಿನ ಶಾರ್ಟ್ ಸರ್ಕಿಟ್, ಜಜ್ಜುವಿಕೆ, ಮಿತಿಮೀರಿದ ಚಾರ್ಜ್, 1 ಮೀಟರ್ ಎತ್ತರದಿಂದ ಬೀಳುವಿಕೆ ಮತ್ತು 130 ಡಿಗ್ರಿ ಬಿಸಿಯ ಪರೀಕ್ಷೆಗಳಿವೆ. ಇವುಗಳಲ್ಲಿ ಸೆಲ್ ಉರಿಯಬಾರದು, ಸ್ಫೋಟಿಸಬಾರದು. ಬೇರೆ ಮಿತಿ ನಮೂದಿಸದ ಸೆಲ್‌ಗಳ ಚಾರ್ಜಿಂಗ್ ತಾಪಮಾನದ ಶ್ರೇಣಿ 10ರಿಂದ 45 ಡಿಗ್ರಿ. ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಅಥವಾ ಬಿಸಿಲಲ್ಲಿ ನಿಂತ ವಾಹನದೊಳಗೆ ತಾಪ ಈ ಮೇಲ್ಮಿತಿ ದಾಟಬಹುದು.

ಪರಿಸರ ಪರೀಕ್ಷೆ: ಶಾಖ, ತೇವ, ದೂಳು ಮತ್ತು ಕಂಪನಕ್ಕೆ ಒಡ್ಡುವ ವಿಧಾನಗಳನ್ನು ಐಎಸ್ 9000 ಸರಣಿ ಹೇಳುತ್ತದೆ. ದೂಳು ಮತ್ತು ನೀರು ಒಳಹೋಗದಂತೆ ತಡೆಯುವ ಮಟ್ಟವನ್ನು ‘ಐಪಿ’ ಅಕ್ಷರಗಳ ಮುಂದಿನ ಎರಡು ಅಂಕಿ ತಿಳಿಸುತ್ತವೆ. ಐಪಿ65 ಎಂದರೆ ದೂಳು ಒಳಸೇರದ, ನೀರಿನ ಧಾರೆ ತಡೆಯುವ ಕವಚ.

ಅಸಲಿತನದ ಪರಿಶೀಲನೆ

ನೋಂದಣಿ ಸಂಖ್ಯೆ: ಬಿಐಎಸ್ ಕೇರ್ ಆ್ಯಪ್‌ನಲ್ಲಿ ‘ಆರ್’ ಅಥವಾ ‘ಸಿಎಂ/ಎಲ್’ ಸಂಖ್ಯೆ ಹಾಕಿದರೆ ತಯಾರಕ, ಬ್ರ್ಯಾಂಡ್, ಉತ್ಪನ್ನ ಮತ್ತು ಊರ್ಜಿತಾವಧಿ ಕಾಣುತ್ತವೆ. ಸಂಖ್ಯೆ ನಿಜವಾಗಿದ್ದೂ ಬೇರೆ ಬ್ರ್ಯಾಂಡಿನದೋ ಬೇರೆ ಉತ್ಪನ್ನದ್ದೋ ಆಗಿದ್ದರೆ ಗುರುತಿನ ದುರ್ಬಳಕೆ ನಡೆದಿದೆ ಎಂದರ್ಥ.

ಐಎಂಇಐ: ಇದು ಪ್ರತಿ ಮೊಬೈಲಿನ 15 ಅಂಕಿಗಳ ಗುರುತು ಸಂಖ್ಯೆ. *#06# ಒತ್ತಿದಾಗ ಕಾಣುವ ಸಂಖ್ಯೆ, ಪೆಟ್ಟಿಗೆಯ ಮೇಲಿನದು ಮತ್ತು ಬಿಲ್ಲಿನದು ಒಂದೇ ಆಗಿರಬೇಕು. ಸಂಚಾರ ಸಾಥಿ ಜಾಲತಾಣದಲ್ಲಿ ಅಥವಾ 14422ಕ್ಕೆ ‘ಕೆವೈಎಂ’ ಅಕ್ಷರಗಳ ಜೊತೆ ಐಎಂಇಐಯನ್ನು ಎಸ್‌ಎಂಎಸ್ ಮಾಡಿ ಸಾಧನದ ವಿವರ ಪಡೆಯಬಹುದು. ಕಳೆದುಹೋದ ಮೊಬೈಲನ್ನು ಕೇಂದ್ರೀಯ ಸಲಕರಣೆ ಗುರುತು ದಾಖಲೆ, ಅಂದರೆ ಸಿಇಐಆರ್, ಮೂಲಕ ತಡೆಹಿಡಿಯುವ ಸೌಲಭ್ಯ 2023ರ ಮೇ ತಿಂಗಳಿನಿಂದ ದೇಶದಾದ್ಯಂತ ಲಭ್ಯವಿದೆ. ಕರ್ನಾಟಕ ಅದಕ್ಕೂ ಮೊದಲೇ ಈ ವ್ಯವಸ್ಥೆಯನ್ನು ಬಳಸತೊಡಗಿದ್ದ ವಲಯಗಳಲ್ಲಿ ಒಂದು. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ.

ಪೊಟ್ಟಣದ ವಿವರ: 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು ತಯಾರಕ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ, ತಯಾರಿಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಂಪರ್ಕ ಮತ್ತು ಆಮದಾದ ಸರಕಿಗೆ ಮೂಲ ದೇಶದ ಹೆಸರನ್ನು ಕಡ್ಡಾಯಗೊಳಿಸಿವೆ.

ಸಾಮರ್ಥ್ಯದ ಹೇಳಿಕೆ: ಪವರ್ ಬ್ಯಾಂಕ್ ಮೇಲೆ ದೊಡ್ಡದಾಗಿ ಮುದ್ರಿಸುವ ಮಿಲಿಆಂಪಿಯರ್-ಗಂಟೆ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ನದು. 10,000 ಎಂದು ನಮೂದಿಸಿದ ಪವರ್ ಬ್ಯಾಂಕ್, ಪರಿವರ್ತನೆಯ ನಷ್ಟ ಬಿಟ್ಟರೂ, 5 ವೋಲ್ಟ್‌ನಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 7,400. ಈ ವ್ಯತ್ಯಾಸ ನಕಲಿತನದ ಲಕ್ಷಣವಲ್ಲ.

ಪ್ರಾದೇಶಿಕ ಅನ್ವಯ

ಪಂಪ್‌ಸೆಟ್: ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಆದರೆ ತ್ರೀಫೇಸ್ ಪೂರೈಕೆ ದಿನದ ನಿಗದಿತ ಗಂಟೆಗಳಿಗೆ ಸೀಮಿತ. ಹೀಗಾಗಿ ವಿದ್ಯುತ್ ಬಂದ ಕೂಡಲೇ ಮೋಟರ್ ಚಾಲೂ ಮಾಡುವ ಆಟೊ ಸ್ಟಾರ್ಟರ್ ಮತ್ತು ಸಿಮ್ ಹಾಕಿ ಮೊಬೈಲಿನಿಂದ ನಡೆಸುವ ಸ್ಟಾರ್ಟರ್‌ಗಳ ಬಳಕೆ ವ್ಯಾಪಕ. ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ ಐಎಸ್ 8034, ಅದರ ಮೋಟರಿಗೆ ಐಎಸ್ 9283 ಅನ್ವಯಿಸುತ್ತವೆ. ಪಂಪಿನ ಗುರುತು ಅದಕ್ಕೆ ಜೋಡಿಸಿದ ನಿಯಂತ್ರಕಕ್ಕೆ ಅನ್ವಯಿಸುವುದಿಲ್ಲ. ನಿಯಂತ್ರಕದಲ್ಲಿ ಫೇಸ್ ತಪ್ಪಿದಾಗ, ನೀರಿಲ್ಲದೆ ಓಡಿದಾಗ ಮತ್ತು ಹೊರೆ ಮಿತಿಮೀರಿದಾಗ ಮೋಟರ್ ನಿಲ್ಲಿಸುವ ರಕ್ಷಣೆಗಳಿವೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಸೌರ ಪಂಪ್‌ಗಳ ಫಲಕಗಳು ಸೌರ ಸಲಕರಣೆಗಳ ಕಡ್ಡಾಯ ಆದೇಶದ ಪ್ರಕಾರ ಐಎಸ್ 14286ಕ್ಕೆ ಅನುಗುಣವಾಗಿರಬೇಕು.

ಸೌರ ಬೇಲಿ: ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಂಥ ಅರಣ್ಯದ ಅಂಚಿನ ಹೊಲಗಳಲ್ಲಿ ಕಾಡುಹಂದಿ ಮತ್ತು ಕರಡಿ ತಡೆಯಲು ‘ಝಟಕಾ ಯಂತ್ರ’ ಬಳಸುತ್ತಾರೆ. ಬೇಲಿಯ ವಿದ್ಯುತ್ ಪ್ರಚೋದಕಗಳ ಅಂತರರಾಷ್ಟ್ರೀಯ ಮಾನಕ ಐಇಸಿ 60335-2-76. ಅದರ ಪ್ರಕಾರ ಎರಡು ಮಿಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡ್ ಅಂತರವಿರಬೇಕು, ಒಂದು ಮಿಡಿತ 10 ಮಿಲಿಸೆಕೆಂಡ್ ದಾಟಬಾರದು, ಅದರ ಶಕ್ತಿ 500 ಓಮ್ ರೋಧದಲ್ಲಿ 5 ಜೂಲ್ ಮೀರಬಾರದು. ಮುಟ್ಟಿದ ಪ್ರಾಣಿಗೂ ಮನುಷ್ಯನಿಗೂ ಮಿಡಿತಗಳ ನಡುವೆ ಬಿಡಿಸಿಕೊಳ್ಳಲು ಸಮಯ ಸಿಗುವುದು ಈ ಅಂತರದಿಂದ. 230 ವೋಲ್ಟ್ ಮಾರ್ಗವನ್ನು ನೇರವಾಗಿ ಬೇಲಿಗೆ ಕೊಡುವುದು ಕಾನೂನುಬಾಹಿರ ಮತ್ತು ಮಾರಣಾಂತಿಕ.

ಭೂಸಂಪರ್ಕ: ಮೂರು ಪಿನ್ನಿನ ಉಪಕರಣದ ಸುರಕ್ಷತೆ ಕಟ್ಟಡದ ಅರ್ಥಿಂಗ್ ಅನ್ನು ಅವಲಂಬಿಸಿದೆ. ಇದರ ಸಂಹಿತೆ ಐಎಸ್ 3043. ಒಣ, ಕಲ್ಲುಮಿಶ್ರಿತ ನೆಲದಲ್ಲಿ ಮಣ್ಣಿನ ರೋಧ ಹೆಚ್ಚು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವ ರೂಢಿಗೆ ಇದೇ ಕಾರಣ. 30 ಮಿಲಿಆಂಪಿಯರ್‌ನ ಸೋರಿಕೆ ತಡೆ ಸ್ವಿಚ್ ಹೆಚ್ಚುವರಿ ರಕ್ಷಣೆ ನೀಡುತ್ತದೆ.

ಜಾತ್ರೆಗಳು: ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕೋತ್ಸವಗಳಲ್ಲಿ ದೀಪಾಲಂಕಾರ, ಧ್ವನಿವರ್ಧಕ ಮತ್ತು ಅಂಗಡಿಗಳಿಗೆ ತಾತ್ಕಾಲಿಕ ವಿದ್ಯುತ್ ಸಂಪರ್ಕ ಬೇಕಾಗುತ್ತದೆ. ಸಂಪರ್ಕಕ್ಕೆ ವಿತರಣಾ ಕಂಪನಿಯ ಅನುಮತಿ ಅಗತ್ಯ. ಅಲ್ಲಿ ಮಾರುವ ಚಾರ್ಜರ್, ಇಯರ್‌ಫೋನ್, ದೀಪದ ಸರಗಳಿಗೆ ಬಿಲ್ ಇಲ್ಲದಿದ್ದರೆ ಮುಂದೆ ದೂರು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಕಾನೂನು ಮತ್ತು ಪರಿಹಾರ

ಕಡ್ಡಾಯ ಪಟ್ಟಿಯಲ್ಲಿರುವ ಸರಕನ್ನು ಗುರುತಿಲ್ಲದೆ ತಯಾರಿಸುವುದು, ಆಮದು ಮಾಡುವುದು, ದಾಸ್ತಾನಿಡುವುದು ಮತ್ತು ಮಾರುವುದು 2016ರ ಬಿಐಎಸ್ ಕಾಯ್ದೆಯ 17ನೇ ಕಲಮಿನ ಉಲ್ಲಂಘನೆ. 29ನೇ ಕಲಂ ಇದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಮೊದಲ ಸಲ ಕನಿಷ್ಠ 2 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ದಂಡ ಸರಕಿನ ಮೌಲ್ಯದ ಹತ್ತು ಪಟ್ಟಿನವರೆಗೂ ಏರಬಹುದು. ಸುಳ್ಳು ವ್ಯಾಪಾರಚಿಹ್ನೆ ಬಳಸುವುದಕ್ಕೆ 1999ರ ವ್ಯಾಪಾರಚಿಹ್ನೆಗಳ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಶಿಕ್ಷೆಯಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷಪೂರಿತ ಉತ್ಪನ್ನದಿಂದಾದ ಹಾನಿಗೆ ತಯಾರಕ, ಮಾರಾಟಗಾರ ಮತ್ತು ಸೇವೆ ನೀಡುವವರನ್ನು ಹೊಣೆಯಾಗಿಸುವ ಪ್ರತ್ಯೇಕ ಅಧ್ಯಾಯ ಅದರಲ್ಲಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಗೆ ಸಂಬಂಧಿಸಿದ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರಿನ ಕಾಲಮಿತಿ ಎರಡು ವರ್ಷ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಆಯೋಗವೇ ಮಾದರಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ವರದಿಗೆ ಕಾಯ್ದೆ ಕೊಟ್ಟಿರುವ ಅವಧಿ 45 ದಿನ. ಹೀಗಾಗಿ ಸುಟ್ಟ ಚಾರ್ಜರ್ ಅಥವಾ ಉಬ್ಬಿದ ಬ್ಯಾಟರಿಯನ್ನು ಎಸೆದರೆ ಮುಖ್ಯ ಸಾಕ್ಷ್ಯವೇ ಇಲ್ಲವಾಗುತ್ತದೆ. ಅದನ್ನು ಉರಿಯುವ ವಸ್ತುಗಳಿಂದ ದೂರ, ಚಾರ್ಜ್ ಮಾಡದೆ ಇರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬಳಕೆಯ ನಂತರ

2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಸರಕಿನಲ್ಲಿ ಸೀಸ, ಪಾದರಸ ಮೊದಲಾದ ವಸ್ತುಗಳು ಏಕರೂಪ ಪದಾರ್ಥದ ತೂಕದ ಶೇ 0.1 ಮತ್ತು ಕ್ಯಾಡ್ಮಿಯಂ ಶೇ 0.01 ಮೀರಬಾರದು. ಹಳೆಯ ಸರಕಿನ ಮರುಬಳಕೆಯ ಹೊಣೆ ತಯಾರಕರದು. ಬ್ಯಾಟರಿಗಳಿಗೆ 2022ರಲ್ಲೇ ಪ್ರತ್ಯೇಕ ನಿಯಮಗಳು ಬಂದಿವೆ.

ಇಂದಿನ ಸ್ಥಿತಿ

ಕಡ್ಡಾಯ ಪರೀಕ್ಷೆ ಈಗ ವಿದ್ಯುತ್ ಅಪಾಯದಾಚೆಗೂ ವಿಸ್ತರಿಸಿದೆ. 2024ರ ಏಪ್ರಿಲ್ ಅಧಿಸೂಚನೆಯ ಪ್ರಕಾರ ಸಿಸಿಟಿವಿ ಕ್ಯಾಮೆರಾಗಳು ಮಾಹಿತಿ ಭದ್ರತೆಯ ಪರೀಕ್ಷೆಗೂ ಒಳಪಡಬೇಕು; ಈ ನಿಯಮ 2025ರ ಏಪ್ರಿಲ್‌ನಿಂದ ಅನ್ವಯವಾಗಿದೆ. ಚಾರ್ಜಿಂಗ್ ತಂತಿಯ ಏಕರೂಪತೆಗಾಗಿ ಟೈಪ್-ಸಿ ಜೋಡಕವನ್ನು ಐಎಸ್/ಐಇಸಿ 62680-1-3 ಎಂಬ ಭಾರತೀಯ ಮಾನಕವಾಗಿ ಅಂಗೀಕರಿಸಲಾಗಿದೆ. ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿತು.

ಐದು ತಾಲ್ಲೂಕುಗಳ ಗ್ರಾಹಕರಿಗೆ ನೋಂದಣಿ ಸಂಖ್ಯೆ ಮತ್ತು ಐಎಂಇಐ ಪರಿಶೀಲನೆ ಮೊಬೈಲಿನಲ್ಲೇ ಸಿಗುತ್ತದೆ. ಪರೀಕ್ಷಾ ಪ್ರಯೋಗಾಲಯಗಳು ಮಾತ್ರ ಬೆಂಗಳೂರಿನಲ್ಲಿವೆ. ದುರಸ್ತಿಗೆ ಬಳಸುವ ಬಿಡಿ ಬ್ಯಾಟರಿ ಮತ್ತು ಚಾರ್ಜರ್‌ಗಳಿಗೂ ಹೊಸ ಸರಕಿನ ಮಾನಕವೇ ಅನ್ವಯಿಸುತ್ತದೆ. ಸುರಕ್ಷತೆಗೆ ಬಿಐಎಸ್ ಸಂಖ್ಯೆ, ಮಿತವ್ಯಯಕ್ಕೆ ನಕ್ಷತ್ರ ಪಟ್ಟಿ, ಮೊಬೈಲಿನ ಗುರುತಿಗೆ ಐಎಂಇಐ, ಖರೀದಿಯ ಸಾಕ್ಷ್ಯಕ್ಕೆ ಬಿಲ್ ಎಂಬ ನಾಲ್ಕನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.